ಜೋತುಬಿದ್ದ ಮುಖ, ಕತ್ತಿಗೆ ಲೇಸರ್: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಲಿನಿಕ್‌ನಲ್ಲಿ ಎದುರು ಕೂತು ಕೇಳಿದ್ದು, ಕಾಗದ ಬರೆದು ಕೇಳಿದ್ದು, ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಮೆಲ್ಲಗೆ ಕೇಳಿದ್ದು, ಎಲ್ಲ ಸೇರಿಸಿ ಇಲ್ಲಿಟ್ಟಿದ್ದೇನೆ. ಚರ್ಮದ ಡಾಕ್ಟರಾಗಿ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಲೇಸರ್ ಒಳ್ಳೆಯ ಸಾಧನ. ಆದರೆ ಅದನ್ನು ಮಾಡಿಸಿಕೊಂಡು ಬೇಜಾರು ಮಾಡಿಕೊಂಡು ನನ್ನ ಹತ್ತಿರ ಬಂದವರಲ್ಲಿ ಹೆಚ್ಚಿನವರಿಗೆ ಬೇಕಾಗಿದ್ದದ್ದು ಲೇಸರೇ ಅಲ್ಲ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ.

## ಶುರುವಿನ ಪ್ರಶ್ನೆಗಳು

ಚರ್ಮ ಯಾಕೆ ಜೋತು ಬೀಳುತ್ತೆ? ಬರೀ ವಯಸ್ಸಾಗಿದ್ದಕ್ಕೇನಾ?

ವಯಸ್ಸು ಒಂದು ಕಾರಣ. ಚರ್ಮದ ಒಳಪದರದಲ್ಲಿ ಕೊಲಾಜನ್, ಎಲಾಸ್ಟಿನ್ ಅಂತ ಎರಡು ಬಗೆಯ ನಾರುಗಳಿವೆ. ಕೊಲಾಜನ್‌ನಿಂದ ಚರ್ಮಕ್ಕೆ ಗಟ್ಟಿತನ. ಎಲಾಸ್ಟಿನ್‌ನಿಂದ ಎಳೆದು ಬಿಟ್ಟರೆ ಮತ್ತೆ ಜಾಗಕ್ಕೆ ಹೋಗುವ ಗುಣ. ಇಪ್ಪತ್ತೈದರ ಆಸುಪಾಸಿನಿಂದಲೇ ಕೊಲಾಜನ್ ನಿಧಾನಕ್ಕೆ ಕಮ್ಮಿಯಾಗುತ್ತಾ ಹೋಗುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೊದಲ 5 ವರ್ಷಗಳಲ್ಲಿ ಈ ಇಳಿತ ಜೋರು, ಸುಮಾರು ಶೇಕಡ 30ರಷ್ಟು ಹೋಗುತ್ತದೆ ಎಂಬುದು ನಮ್ಮ ವೃತ್ತಿಯಲ್ಲಿ ಸಾಮಾನ್ಯವಾಗಿ ಹೇಳುವ ಲೆಕ್ಕ. "ಎರಡೇ ವರ್ಷದಲ್ಲಿ ಮುಖ ಬದಲಾಗಿಬಿಡ್ತು" ಅಂತ ಐವತ್ತು ದಾಟಿದವರು ಹೇಳಿದರೆ ಅದು ಸುಮ್ನೆ ಹೇಳುವ ಮಾತಲ್ಲ.

ಬಿಸಿಲು, ಬೀಡಿ, ಸಿಗರೇಟು ಇದನ್ನು ಇನ್ನೂ ಬೇಗ ಮಾಡುತ್ತವೆ. ಆದರೆ ಜೋತುಬೀಳುವುದು ಚರ್ಮ ಒಂದೇ ಅಲ್ಲ. ಅದರ ಕೆಳಗಿನ ಕೊಬ್ಬು ಕರಗುತ್ತದೆ, ಇಲ್ಲವೇ ಕೆಳಕ್ಕೆ ಜಾರುತ್ತದೆ. ಸ್ನಾಯುವಿನ ಪದರ ಸಡಿಲವಾಗುತ್ತದೆ. ದವಡೆಯ ಮೂಳೆಯೂ ಸವೆಯುತ್ತದೆ, ಹಲ್ಲು ಕಳೆದುಕೊಂಡವರಲ್ಲಂತೂ ಜಾಸ್ತಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಎಷ್ಟೋ ಉತ್ತರಗಳು ಇದರ ಮೇಲೇ ನಿಂತಿವೆ.

ಲೇಸರ್ ಹೊಡೆದ್ರೆ ಚರ್ಮ ಹೇಗೆ ಬಿಗಿಯಾಗುತ್ತೆ ಡಾಕ್ಟ್ರೇ?

ಲೇಸರ್ ಬೆಳಕು ಚರ್ಮದೊಳಗಿನ ನೀರಿಗೆ ತಗುಲಿ ಶಾಖವಾಗುತ್ತದೆ. ಶಾಖ 60 ಡಿಗ್ರಿ ದಾಟಿದಾಗ ಹಳೆಯ ಕೊಲಾಜನ್ ನಾರು ಸುರುಟಿಕೊಳ್ಳುತ್ತದೆ. ಮಾಡಿಸಿದ ಕೆಲ ದಿನಗಳಲ್ಲೇ ಕಾಣುವ ಸ್ವಲ್ಪ ಬಿಗಿ ಇದರಿಂದ ಮತ್ತು ಬಾವಿನಿಂದ ಬಂದದ್ದು. ಬಾವು ಇಳಿದ ಮೇಲೆ "ಹೋಯ್ತಲ್ಲ" ಅಂತ ಗಾಬರಿಯಾಗುವವರಿದ್ದಾರೆ. ನಿಜವಾದ ಕೆಲಸ ಶುರುವಾಗುವುದು ಆಮೇಲೆ. ದೇಹ ಅದನ್ನು ಗಾಯ ಅಂತ ತಿಳಿದು ಹೊಸ ಕೊಲಾಜನ್ ಕಟ್ಟುತ್ತದೆ. ಅದಕ್ಕೆ 3ರಿಂದ 6 ತಿಂಗಳು ಬೇಕು.

ಅಂದರೆ ಲೇಸರ್ ಮಾಡುವುದು ಲೆಕ್ಕ ಹಾಕಿದ ಒಂದು ಸಣ್ಣ ಗಾಯ. ಚಿಕಿತ್ಸೆಯ ಲಾಭ, ಅಪಾಯ ಎರಡೂ ಬರುವುದು ಇಲ್ಲಿಂದಲೇ.

ಲೇಸರ್ ಅಂದ್ರೆ ರೇಡಿಯೇಷನ್ ಅಲ್ವಾ? ಕ್ಯಾನ್ಸರ್ ಬರಲ್ವಾ?

ಇಲ್ಲ. ಎಕ್ಸ್‌ರೇ ಜಾತಿಯ ಕಿರಣ ಇದಲ್ಲ. ಚರ್ಮ ಬಿಗಿ ಮಾಡಲು ಬಳಸುವವು ಇನ್‌ಫ್ರಾರೆಡ್ ಬೆಳಕಿನ ಲೇಸರ್‌ಗಳು, ಇವು ಶಾಖ ಕೊಡುತ್ತವೆಯೇ ಹೊರತು ಜೀವಕೋಶದ ಡಿಎನ್‌ಎ ಮುರಿಯುವುದಿಲ್ಲ. ಭಯಪಡಬೇಕಾದದ್ದು ಕಣ್ಣಿನ ಬಗ್ಗೆ. ಕಣ್ಣಿಗೆ ರಕ್ಷಣೆ ಇಲ್ಲದೆ ಯಾರಾದರೂ ಲೇಸರ್ ಆನ್ ಮಾಡಿದರೆ ಎದ್ದು ಬನ್ನಿ.

ಕೂದಲು ತೆಗೆಯೋ ಲೇಸರ್, ಇದು ಎರಡೂ ಒಂದೇನಾ?

ಬೇರೆ. ಅದು ಕೂದಲ ಬುಡದ ಕಪ್ಪು ಬಣ್ಣವನ್ನು ಗುರಿ ಮಾಡುತ್ತದೆ, ಇದು ಹೆಚ್ಚಾಗಿ ನೀರನ್ನು. "ನನ್ನ ಅಕ್ಕನಿಗೆ ಲೇಸರ್ ಮಾಡಿದ್ರು, ಏನೂ ಆಗ್ಲಿಲ್ಲ" ಅನ್ನುವ ಮಾತಿನಿಂದ ನಿಮಗೆ ಏನೂ ಗೊತ್ತಾಗುವುದಿಲ್ಲ. ಯಾವ ಲೇಸರ್ ಅಂತ ಕೇಳಿ.

## ನನಗೆ ಆಗುತ್ತಾ?

ನನಗೆ 58. ಗದ್ದದ ಎರಡೂ ಪಕ್ಕ ಕೆನ್ನೆ ಇಳಿದುಬಿದ್ದಿದೆ. ಲೇಸರ್‌ನಲ್ಲಿ ಸರಿಹೋಗುತ್ತಾ?

ಒಂದು ಕೈಕನ್ನಡಿ ತೆಗೆದುಕೊಳ್ಳಿ. ಕುರ್ಚಿಯಲ್ಲಿ ನೆಟ್ಟಗೆ ಕೂತು ಮುಖ ನೋಡಿ. ಆಮೇಲೆ ಅಂಗಾತ ಮಲಗಿ, ಕನ್ನಡಿಯನ್ನು ಮುಖದ ಮೇಲೆ ಹಿಡಿದು ನೋಡಿ. ಮಲಗಿದಾಗ ದವಡೆಯ ಗೆರೆ ಚೆನ್ನಾಗಿ ಕಂಡು, ಕೂತಾಗ ಮಾಯವಾಗುತ್ತಿದ್ದರೆ ಜಾರಿರುವುದು ಒಳಗಿನ ಕೊಬ್ಬು, ಸ್ನಾಯು. ಇನ್ನೊಂದು ಪರೀಕ್ಷೆ: ಕಿವಿಯ ಮುಂದೆ ಎರಡು ಬೆರಳಿಟ್ಟು ಚರ್ಮವನ್ನು ಹಿಂದಕ್ಕೆ ಎಳೆಯಿರಿ. ಒಂದು ಸೆಂಟಿಮೀಟರ್ ಎಳೆದರೆ ಮಾತ್ರ ನಿಮಗೆ ಬೇಕಾದ ಮುಖ ಕಾಣುತ್ತದೆ ಅಂತಾದರೆ, ಅಷ್ಟು ಚರ್ಮವನ್ನು ಯಾವ ಲೇಸರೂ ಎತ್ತಲಾರದು.

ದಿಂಬಿನೊಳಗಿನ ಹತ್ತಿ ಕುಗ್ಗಿ ಒಂದು ಮೂಲೆಗೆ ಸೇರಿದ್ದರೆ, ಮೇಲಿನ ಕವರ್ ಇಸ್ತ್ರಿ ಮಾಡಿದರೆ ದಿಂಬು ನೆಟ್ಟಗಾಗುತ್ತಾ? ಲೇಸರ್ ಇಸ್ತ್ರಿ ಮಾಡುತ್ತದೆ, ಚೆನ್ನಾಗೇ ಮಾಡುತ್ತದೆ. ಕಣ್ಣಿನ ಸುತ್ತ ಸಣ್ಣ ಸುಕ್ಕು, ತೆಳುವಾಗಿ ಕಾಗದದಂತಾದ ಚರ್ಮ, ಮೊಡವೆ ಗುಳಿ, ಬಿಸಿಲಿನ ಕಲೆ, ಸ್ವಲ್ಪ ಸಡಿಲ, ಇವುಗಳಿಗೆ ಅದು ಸರಿ. ದವಡೆ ದಾಟಿ ಇಳಿದ ಕೆನ್ನೆಗೆ ಫೇಸ್‌ಲಿಫ್ಟ್, ಅಂದರೆ ಚರ್ಮವನ್ನು ಬಿಡಿಸಿ ಎಳೆದು ಕೂರಿಸುವ ಶಸ್ತ್ರಚಿಕಿತ್ಸೆಯೇ ದಾರಿ. ಅದು ಬೇಡ ಅನ್ನಿಸಿದರೆ ಸುಮ್ಮನಿರುವುದೂ ಒಂದು ದಾರಿಯೇ. ಲಕ್ಷ ರೂಪಾಯಿ ಸುರಿದು ಅರ್ಧ ಫಲ ಪಡೆಯುವುದಕ್ಕಿಂತ ಅದು ವಾಸಿ.

ಆರು ತಿಂಗಳಲ್ಲಿ 18 ಕೆಜಿ ಇಳಿಸಿದೆ. ಎಲ್ಲರೂ "ಹುಷಾರಿಲ್ವಾ" ಅಂತ ಕೇಳ್ತಾರೆ. ಮುಖ ಅಷ್ಟು ಜೋತಿದೆ.

ಸೆಮಾಗ್ಲುಟೈಡ್ ಥರದ ತೂಕ ಇಳಿಸುವ ಚುಚ್ಚುಮದ್ದುಗಳು ಬಂದ ಮೇಲೆ ಈ ಪ್ರಶ್ನೆ ಹೆಚ್ಚಾಗಿದೆ. ಮುಖ ತುಂಬಿ ಕಾಣುತ್ತಿದ್ದದ್ದು ಕೊಬ್ಬಿನಿಂದ. ಅದು ಬೇಗ ಹೋದಾಗ ಚರ್ಮಕ್ಕೆ ಕುಗ್ಗಲು ಸಮಯ ಸಿಕ್ಕಿಲ್ಲ. ತೂಕ ಇನ್ನೂ ಇಳಿಯುತ್ತಿರುವಾಗ ಏನೂ ಮಾಡಿಸಬೇಡಿ. ತೂಕ ಒಂದು ಕಡೆ ನಿಂತು ಕೆಲವು ತಿಂಗಳಾದ ಮೇಲೆ ಮತ್ತೆ ನೋಡಿ. ಮೂವತ್ತರ ಹರೆಯದವರಲ್ಲಿ ಎಷ್ಟೋ ಸಲ ಅರ್ಧ ತಾನಾಗೇ ಸರಿಹೋಗಿರುತ್ತದೆ. ಉಳಿದದ್ದು ತುಂಬಿಸಬೇಕಾದ ಸಮಸ್ಯೆಯೋ, ಬಿಗಿ ಮಾಡಬೇಕಾದ್ದೋ ಅಂತ ಆಗ ಗೊತ್ತಾಗುತ್ತದೆ.

ಗದ್ದದ ಕೆಳಗೆ ಇನ್ನೊಂದು ಗದ್ದ ಬಂದಿದೆ. ಕತ್ತಿಗೆ ಲೇಸರ್ ಮಾಡಿಸ್ಲಾ?

ಮೊದಲು ಹಿಡಿದು ನೋಡಿ. ಹೆಬ್ಬೆರಳು, ತೋರುಬೆರಳಿನ ನಡುವೆ ದಪ್ಪಗೆ ಮೆತ್ತಗೆ ಸಿಕ್ಕರೆ ಕೊಬ್ಬು. ತೆಳುವಾಗಿ ಸಿಕ್ಕು, ಬಿಟ್ಟ ಮೇಲೂ ನಿಧಾನವಾಗಿ ಹಿಂದೆ ಹೋದರೆ ಚರ್ಮದ ಸಡಿಲ. ಹಲ್ಲು ಕಚ್ಚಿ "ಈ" ಅಂದಾಗ ಕತ್ತಿನಲ್ಲಿ ಉದ್ದಕ್ಕೆ ಹಗ್ಗಗಳು ಎದ್ದರೆ ಅದು ಪ್ಲಾಟಿಸ್ಮಾ ಎಂಬ ಸ್ನಾಯು. ಲೇಸರ್‌ಗೆ ಸೇರಿದ್ದು ನಡುವಿನದು ಮಾತ್ರ. ಕೊಬ್ಬಿಗೆ ಬೇರೆ ಚಿಕಿತ್ಸೆ, ಸ್ನಾಯುವಿನ ಹಗ್ಗಕ್ಕೆ ಸ್ನಾಯು ಸಡಿಲಿಸುವ ಬೊಟಾಕ್ಸ್ ಚುಚ್ಚುಮದ್ದು ಅಥವಾ ಆಪರೇಷನ್.

ಕತ್ತಿನ ಹಿಂದೆ, ಮಡಿಕೆಗಳಲ್ಲಿ ಚರ್ಮ ದಪ್ಪಗೆ ಕಪ್ಪಾಗಿದ್ದರೆ ಲೇಸರ್ ಬಿಟ್ಟು ಸಕ್ಕರೆ ಪರೀಕ್ಷೆ ಮಾಡಿಸಿ. ಅದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವ ಗುರುತಾಗಿರಬಹುದು. ಚೈನು ಉಜ್ಜಿ ಆಗಿದ್ದು ಅಂತ ವರ್ಷಗಟ್ಟಲೆ ಬಿಟ್ಟವರನ್ನು ನೋಡಿದ್ದೇನೆ.

ನಮ್ಮಂಥ ಕಂದು ಬಣ್ಣದವರಿಗೆ ಲೇಸರ್ ಆಗಲ್ಲ ಅಂತಾರೆ. ನಿಜಾನಾ?

ಆಗುತ್ತದೆ. ಆದರೆ ಅಮೆರಿಕದ ವಿಡಿಯೊದಲ್ಲಿ ನೋಡಿದ ಫಲ, ಅದೇ ಪವರ್, ಅದೇ ಒಂದು ಸಿಟ್ಟಿಂಗ್‌ನಲ್ಲಿ ನಮಗೆ ಆಗುವುದಿಲ್ಲ.

ಚರ್ಮದ ಬಣ್ಣ, ಬಿಸಿಲಿಗೆ ಅದು ಹೇಗೆ ಪ್ರತಿಕ್ರಿಯಿಸುತ್ತದೆ ಎಂಬುದನ್ನು ನೋಡಿ 1ರಿಂದ 6ರವರೆಗೆ ಗುಂಪು ಮಾಡುವ ಪದ್ಧತಿ ಇದೆ. 1975ರಲ್ಲಿ ಅಮೆರಿಕದ ಚರ್ಮರೋಗ ತಜ್ಞ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಅದನ್ನು ಶುರುಮಾಡಿದಾಗ ನಾಲ್ಕೇ ಗುಂಪು ಇದ್ದವು, 5 ಮತ್ತು 6 ಆಮೇಲೆ ಸೇರಿದವು. ನಮ್ಮಲ್ಲಿ ಹೆಚ್ಚಿನವರು 3, 4, 5ನೇ ಗುಂಪಿನವರು. ನಮ್ಮ ಚರ್ಮಕ್ಕೆ ಎಲ್ಲಿ ಉರಿಯೂತವಾದರೂ ಅಲ್ಲಿ ಬಣ್ಣ ಜಾಸ್ತಿ ಮಾಡಿಕೊಳ್ಳುವ ಸ್ವಭಾವ. ಸೊಳ್ಳೆ ಕಚ್ಚಿದ್ದು, ಮೊಡವೆ ಚಿವುಟಿದ್ದು ತಿಂಗಳುಗಟ್ಟಲೆ ಕಪ್ಪಾಗಿ ಉಳಿಯುತ್ತದಲ್ಲ, ಅದೇ. ಲೇಸರ್ ಆದ ಮೂರು ನಾಲ್ಕು ವಾರಕ್ಕೆ, ಗಾಯ ಮಾಗಿ ಎಲ್ಲ ಸರಿಹೋಯಿತು ಅನ್ನುವಾಗಲೇ ಈ ಕಪ್ಪು ಕಾಣಿಸಿಕೊಳ್ಳಬಹುದು. ಹೆಚ್ಚಿನವರಲ್ಲಿ ಕೆಲವು ತಿಂಗಳಲ್ಲಿ ಹೋಗುತ್ತದೆ, ಆದರೆ ಆ ತಿಂಗಳುಗಳು ಉದ್ದ.

ಆದ್ದರಿಂದ ನಮ್ಮ ಲೆಕ್ಕ ಬೇರೆ: ಕಮ್ಮಿ ಪವರ್, ಲೇಸರ್ ಬೀಳುವ ಚುಕ್ಕೆಗಳ ನಡುವೆ ಜಾಸ್ತಿ ಜಾಗ, ಹೆಚ್ಚು ಸಿಟ್ಟಿಂಗ್, ನಡುವೆ ಉದ್ದದ ಬಿಡುವು. ಮೊದಲು ಕಿವಿಯ ಮುಂದೆ ಚಿಕ್ಕ ಜಾಗದಲ್ಲಿ ಹೊಡೆದು ನಾಲ್ಕೈದು ವಾರ ಕಾಯುವುದು ಒಳ್ಳೆಯದು. "ಟೆಸ್ಟ್ ಸ್ಪಾಟ್ ಯಾಕೆ, ಇವತ್ತೇ ಮುಗಿಸಿಬಿಡೋಣ, ಆಫರ್ ಇದೆ" ಅನ್ನುವ ಕಡೆಯಿಂದ ದೂರ ಇರಿ. ಏಪ್ರಿಲ್, ಮೇ ಬಿಸಿಲಿನಲ್ಲಿ ಗಾಡಿ ಓಡಿಸಿಕೊಂಡು ಓಡಾಡುವ ಕೆಲಸದವರಿಗೆ ನಾನು ಮಳೆಗಾಲ ಬರಲಿ ಅನ್ನುತ್ತೇನೆ. ರಾಯಚೂರು, ಕಲಬುರಗಿ ಕಡೆಯವರಿಗಂತೂ ಖಂಡಿತ.

ಬಂಗು ಇದೆ. ಮೆಡಿಕಲ್ ಶಾಪ್‌ನವರು ಕೊಟ್ಟ ಕ್ರೀಮು ಹಚ್ತಾ ಇದೀನಿ. ಲೇಸರ್ ಮಾಡಿಸಬಹುದಾ?

ಆ ಟ್ಯೂಬ್ ತೆಗೆದುಕೊಂಡು ಬನ್ನಿ. ಅದರ ಮೇಲೆ ಮೊಮೆಟಾಸೋನ್, ಬೀಟಾಮೆಥಸೋನ್, ಕ್ಲೊಬೆಟಸಾಲ್ ಅಂತ ಬರೆದಿದ್ದರೆ ಅದು ಸ್ಟೀರಾಯ್ಡ್. 2018ರಿಂದ ಇಂಥವನ್ನು ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ, ಆದರೂ ಸಿಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಸಣ್ಣ ಕೆಂಪು ರಕ್ತನಾಳಗಳು ಕಾಣುತ್ತವೆ, ಬಿಟ್ಟ ತಕ್ಷಣ ಮುಖ ಉರಿಯುತ್ತದೆ. ಅಂಥ ಚರ್ಮದ ಮೇಲೆ ಲೇಸರ್ ಹೊಡೆಯಬಾರದು. ಮೊದಲು ಡಾಕ್ಟರ ನಿಗಾದಲ್ಲಿ ಕ್ರೀಮು ಬಿಡಿಸಬೇಕು. ಮತ್ತೆ ಬಂಗು ಶಾಖಕ್ಕೇ ಜಾಸ್ತಿಯಾಗುವ ತೊಂದರೆ. ಬಿಗಿ ಮಾಡಲು ಹೋಗಿ ಮುಖ ಇನ್ನೂ ಕಪ್ಪಾದರೆ ಏನು ಲಾಭ?

ಯಾರು ಮಾಡಿಸಲೇಬಾರದು?

ಬಸುರಿಯರು ಮುಂದಕ್ಕೆ ಹಾಕಿ. ಗಾಯ ಆದಲ್ಲೆಲ್ಲ ಉಬ್ಬಿದ ಕಲೆ ಬರುವವರು, ಹರಡುತ್ತಿರುವ ತೊನ್ನು ಇರುವವರು, ಲೂಪಸ್ ಥರದ ಬಿಸಿಲು ತಡೆಯದ ಕಾಯಿಲೆ ಇರುವವರು, ಹಿಡಿತಕ್ಕೆ ಬಾರದ ಸಕ್ಕರೆ ಕಾಯಿಲೆಯವರು ಕೂಡ ಬೇಡ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿದ್ದರೆ ಹೇಳಿ, ಆಳವಾದ ಲೇಸರ್‌ಗೆ ಆರು ತಿಂಗಳು ಕಾಯಿಸುವುದು ರೂಢಿ. ತುಟಿ ಪಕ್ಕ ಆಗಾಗ ಜ್ವರದ ಗುಳ್ಳೆ ಏಳುತ್ತಿದ್ದರೆ ಅದನ್ನೂ ಹೇಳಿ. ಲೇಸರ್ ಆದ ಮೇಲೆ ಆ ವೈರಸ್ ಮುಖವೆಲ್ಲ ಹರಡಬಹುದು, ಮುಂಚೆಯೇ ಮಾತ್ರೆ ಶುರು ಮಾಡಿದರೆ ತಡೆಯಬಹುದು. ಇದನ್ನು ಜನ ಹೇಳುವುದೇ ಇಲ್ಲ, ಚಿಲ್ಲರೆ ವಿಷಯ ಅಂದುಕೊಳ್ಳುತ್ತಾರೆ.

## ಡಾಕ್ಟರು, ಯಂತ್ರ, ದುಡ್ಡು

ನಮ್ಮ ಪಾರ್ಲರ್‌ನಲ್ಲೇ ಲೇಸರ್ ಬಂದಿದೆ, ಅರ್ಧ ರೇಟು. ಅಲ್ಲೇ ಮಾಡಿಸಿದ್ರೆ ಆಗಲ್ವಾ?

ಬೇಡ. ಸುಟ್ಟ ಗಾಯವಾದರೆ ಅವರು ಏನು ಮಾಡುತ್ತಾರೆ ಅಂತ ಕೇಳಿ ನೋಡಿ. ಚರ್ಮರೋಗದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪ್ಲೊಮಾ ಮಾಡಿದ ಡಾಕ್ಟರು, ಇಲ್ಲವೇ ಪ್ಲಾಸ್ಟಿಕ್ ಸರ್ಜನ್ ಇರಬೇಕು. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್ ಕೆಪಿಎಂಇ, ಅಂದರೆ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಆಗಿರಬೇಕು, ಆ ಪತ್ರ ಕಾಣುವ ಹಾಗೆ ಹಾಕಿರಬೇಕು. ಡಾಕ್ಟರ ಹೆಸರು ಕರ್ನಾಟಕ ವೈದ್ಯಕೀಯ ಪರಿಷತ್ತಿನ ಪಟ್ಟಿಯಲ್ಲಿ ಇದೆಯಾ ಅಂತ ನೋಡಬಹುದು. ಎಲ್ಲಕ್ಕಿಂತ ಮುಖ್ಯ, ಬೋರ್ಡಿನ ಮೇಲೆ ಹೆಸರಿರುವ ಡಾಕ್ಟರೇ ಕೈಯಲ್ಲಿ ಲೇಸರ್ ಹಿಡಿಯುತ್ತಾರಾ ಅಂತ ನೇರವಾಗಿ ಕೇಳಿ. ಸಂಕೋಚ ಬೇಡ.

ಎಷ್ಟು ಖರ್ಚಾಗುತ್ತೆ? ಇನ್ಶೂರೆನ್ಸ್ ಬರುತ್ತಾ?

ಊರು, ಯಂತ್ರ, ಜಾಗ ನೋಡಿ ಬಹಳ ವ್ಯತ್ಯಾಸ ಇದೆ. ಒಂದು ಸಿಟ್ಟಿಂಗ್‌ನ ರೇಟು ಕೇಳಬೇಡಿ. ಒಟ್ಟು ಎಷ್ಟು ಸಿಟ್ಟಿಂಗ್, ಮುಖ ಕತ್ತು ಎರಡಕ್ಕೂ ಸೇರಿಯಾ, ಆಮೇಲಿನ ಔಷಧಿ, ತೆರಿಗೆ ಎಲ್ಲ ಸೇರಿಸಿ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಚೆಂದಕ್ಕೆ ಮಾಡಿಸುವ ಚಿಕಿತ್ಸೆಗೆ ಆರೋಗ್ಯ ವಿಮೆ ಬರುವುದಿಲ್ಲ. ಆರು ಸಿಟ್ಟಿಂಗ್‌ನ ದುಡ್ಡು ಮೊದಲೇ ಕಟ್ಟಿಸಿಕೊಳ್ಳುವ ಪ್ಯಾಕೇಜ್ ನನಗಂತೂ ಹಿಡಿಸುವುದಿಲ್ಲ. ಎರಡನೆಯದಕ್ಕೆ ಕಪ್ಪಾದರೆ ಉಳಿದ ನಾಲ್ಕನ್ನು ಏನು ಮಾಡುತ್ತೀರಿ?

ಒಬ್ರು ಲೇಸರ್ ಅಂತಾರೆ, ಇನ್ನೊಬ್ರು ಹೈಫು, ಮತ್ತೊಬ್ರು ಆರ್‌ಎಫ್. ಯಾವುದು ಒಳ್ಳೇದು?

ಮೂರೂ ಶಾಖ ಕೊಡುವ ದಾರಿಗಳೇ. ಎಷ್ಟು ಆಳಕ್ಕೆ, ಹೇಗೆ ಎಂಬುದರಲ್ಲಿ ವ್ಯತ್ಯಾಸ. ಲೇಸರ್ ಮೇಲಿನಿಂದ ಬರುತ್ತದೆ, ಚರ್ಮದ ಮೇಲ್ಮೈಗೆ ಚೆನ್ನಾಗಿ ಕೆಲಸ ಮಾಡುತ್ತದೆ. ರೇಡಿಯೊ ಫ್ರೀಕ್ವೆನ್ಸಿ, ಅಂದರೆ ಆರ್‌ಎಫ್, ವಿದ್ಯುತ್ತಿನಿಂದ ಒಳಗೆ ಬಿಸಿ ಮಾಡುತ್ತದೆ. ಚರ್ಮದ ಬಣ್ಣವನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ನಮಗೆ ಸ್ವಲ್ಪ ಅನುಕೂಲ. ಹೈಫು, ಅಂದರೆ ಅಲ್ಟ್ರಾಸೌಂಡನ್ನು ಒಂದೇ ಬಿಂದುವಿಗೆ ಸೇರಿಸುವ ಪದ್ಧತಿ, 4.5 ಮಿಲಿಮೀಟರ್ ಆಳದವರೆಗೆ ಮುಟ್ಟಬಲ್ಲದು. ಔಷಧಿ, ವೈದ್ಯಕೀಯ ಯಂತ್ರಗಳಿಗೆ ಅನುಮತಿ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಇದಕ್ಕೆ 2009ರಲ್ಲಿ ಹುಬ್ಬು ಎತ್ತಲು, 2012ರಲ್ಲಿ ಗದ್ದದ ಕೆಳಗೆ ಮತ್ತು ಕತ್ತಿಗೆ ಅನುಮತಿ ಕೊಟ್ಟಿತು.

ಬರೀ ಸಡಿಲ, ಮೇಲ್ಮೈ ಚೆನ್ನಾಗಿದೆ ಅಂದರೆ ನಾನು ಲೇಸರ್ ಹೇಳುವುದಿಲ್ಲ, ಆರ್‌ಎಫ್ ಅಥವಾ ಅಲ್ಟ್ರಾಸೌಂಡ್ ಕಡೆ ವಾಲುತ್ತೇನೆ. ಸುಕ್ಕು, ಗುಳಿ, ಕಲೆ ಜೊತೆಗಿದ್ದರೆ ಲೇಸರ್. ಆರ್‌ಎಫ್, ಅಲ್ಟ್ರಾಸೌಂಡ್ ಕೂಡ ಪೂರ್ತಿ ನಿರಪಾಯ ಅಂತಲ್ಲ. ಸೂಜಿ ಇರುವ ಆರ್‌ಎಫ್ ಬಗ್ಗೆ 2025ರ ಅಕ್ಟೋಬರ್‌ನಲ್ಲಿ ಎಫ್‌ಡಿಎ ಎಚ್ಚರಿಕೆ ಕೊಟ್ಟಿದೆ. ಸುಟ್ಟ ಗಾಯ, ಕಲೆ, ಕೊಬ್ಬು ಕರಗಿ ಮುಖ ಗುಳಿಬೀಳುವುದು, ನರಕ್ಕೆ ಪೆಟ್ಟು, ಎಲ್ಲ ವರದಿಯಾಗಿವೆ.

## ಆ ದಿನ, ಆಮೇಲೆ

ನೋವಾಗುತ್ತಾ?

ಆಗುತ್ತದೆ. ಮೊದಲು ಮರಗಟ್ಟಿಸುವ ಕ್ರೀಮು ಹಚ್ಚಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಕೂರಿಸುತ್ತಾರೆ. ಆಮೇಲೆ ಬಿಸಿ ಎಣ್ಣೆ ಹನಿ ಸಿಡಿದಂತೆ ಚುರುಚುರು, ಜೊತೆಗೆ ಕೂದಲು ಸುಟ್ಟ ವಾಸನೆ. ವಾಸನೆಗೇ ಜಾಸ್ತಿ ಜನ ಹೆದರುವುದು. ಮುಗಿದ ಮೇಲೆ ಒಂದೆರಡು ಗಂಟೆ ಉರಿ. ಮರಗಟ್ಟಿಸುವ ಕ್ರೀಮನ್ನು ಮನೆಯಲ್ಲೇ ಮುಖ, ಕತ್ತು, ಎದೆಗೆಲ್ಲ ದಪ್ಪಗೆ ಮೆತ್ತಿ ಪ್ಲಾಸ್ಟಿಕ್ ಸುತ್ತಿಕೊಂಡು ಬರಬೇಡಿ. ಔಷಧಿ ರಕ್ತಕ್ಕೆ ಜಾಸ್ತಿ ಸೇರಿದರೆ ತಲೆ ತಿರುಗುವುದರಿಂದ ಹಿಡಿದು ಫಿಟ್ಸ್‌ವರೆಗೂ ಹೋಗಬಹುದು.

ಮಗಳ ಮದುವೆ ಇನ್ನೊಂದು ತಿಂಗಳಿದೆ. ಈಗ ಮಾಡಿಸಿದ್ರೆ ಆಗುತ್ತಾ?

ದಯವಿಟ್ಟು ಬೇಡ. ಮೊದಲ ಎರಡು ದಿನ ಮುಖ ಕೆಂಪು, ಬಾವು. ಮೂರನೆಯ ದಿನದಿಂದ ಕಂದು ಪುಡಿ ಅಂಟಿದ ಹಾಗೆ ಸಣ್ಣ ಹಕ್ಕಳೆ, ಮುಟ್ಟಿದರೆ ಒರಟು. ಒಂದು ವಾರಕ್ಕೆ ಮುಖದಲ್ಲಿ ಉದುರುತ್ತದೆ, ಕತ್ತಿನಲ್ಲಿ ಇನ್ನೂ ತಡ. ಕಪ್ಪಾಗುವುದಿದ್ದರೆ ಮೂರು ನಾಲ್ಕನೆಯ ವಾರ, ಸರಿಯಾಗಿ ಧಾರೆ ಹೊತ್ತಿಗೆ. ಬಿಗಿಯೋ, ಮದುವೆ ಮುಗಿದು ಬಾಣಂತನದ ಮಾತು ಶುರುವಾಗುವ ಹೊತ್ತಿಗೆ ಕಾಣುತ್ತದೆ. ಆರು ತಿಂಗಳು ಮುಂಚೆ ಬನ್ನಿ, ಇಲ್ಲದಿದ್ದರೆ ಮದುವೆ ಮುಗಿಸಿಕೊಂಡು ಬನ್ನಿ.

ಆಮೇಲೆ ಮುಖಕ್ಕೆ ಅರಿಶಿನ, ಲೋಳೆಸರ ಹಚ್ಚಬಹುದಾ? ಅಡುಗೆಮನೆಗೆ ಹೋಗಬಹುದಾ?

ಮೊದಲ ವಾರ ಡಾಕ್ಟರು ಕೊಟ್ಟ ಮುಲಾಮು, ಇಲ್ಲವೇ ಬರೀ ಪೆಟ್ರೋಲಿಯಂ ಜೆಲ್ಲಿ. ಅರಿಶಿನ, ಕಡಲೆಹಿಟ್ಟು, ನಿಂಬೆರಸ, ಗಿಡದಿಂದ ಕಿತ್ತ ಲೋಳೆಸರ ಯಾವುದೂ ಬೇಡ. ಆಗ ಚರ್ಮದಲ್ಲಿ ಸಾವಿರಾರು ಸಣ್ಣ ತೂತುಗಳಿರುತ್ತವೆ, ಹಚ್ಚಿದ್ದೆಲ್ಲ ನೇರ ಒಳಗೆ ಹೋಗುತ್ತದೆ. ಹಕ್ಕಳೆ ಕೀಳಬೇಡಿ. ಒಗ್ಗರಣೆ, ರೊಟ್ಟಿ ತಟ್ಟುವುದು, ಹಂಡೆ ಒಲೆಯ ಬಿಸಿ ಒಂದು ವಾರ ಬೇರೆಯವರ ಪಾಲಿಗೆ ಬಿಡಿ. ತಾಳಿ, ಸರ ಕತ್ತಿಗೆ ಉಜ್ಜುತ್ತಿದ್ದರೆ ಮಾಗುವವರೆಗೆ ತೆಗೆದಿಡಿ. ತೆಗೆಯಲು ಮನಸ್ಸಿಲ್ಲದವರು ಹತ್ತಿ ದಾರದಲ್ಲಿ ಉದ್ದಕ್ಕೆ ಹಾಕಿಕೊಳ್ಳುತ್ತಾರೆ, ಅಷ್ಟಾದರೂ ಮಾಡಿ. ಬ್ಲೀಚ್, ಥ್ರೆಡ್ಡಿಂಗ್, ವ್ಯಾಕ್ಸಿಂಗ್ ತಿಂಗಳು ಬಿಟ್ಟು.

ಹಕ್ಕಳೆ ಉದುರಿದ ಮೇಲೆ ಸನ್‌ಸ್ಕ್ರೀನ್ ತಪ್ಪಿಸಬೇಡಿ. ಬಿಸಿಲು ತಡೆಯುವ ಶಕ್ತಿಯ ಅಳತೆ ಎಸ್‌ಪಿಎಫ್, ಅದು 30ಕ್ಕೆ ಕಮ್ಮಿ ಬೇಡ, ಎರಡು ಬೆರಳುದ್ದ ಮುಖ ಕತ್ತಿಗೆ. ಸ್ವಲ್ಪ ಕಂದು ಬಣ್ಣ ಬೆರೆತ ಸನ್‌ಸ್ಕ್ರೀನ್‌ನಲ್ಲಿ ಐರನ್ ಆಕ್ಸೈಡ್ ಇರುತ್ತದೆ, ಕಣ್ಣಿಗೆ ಕಾಣುವ ಬೆಳಕನ್ನೂ ಅದು ತಡೆಯುತ್ತದೆ. ನಮ್ಮ ಚರ್ಮಕ್ಕೆ ಅದೇ ಮೇಲು.

ಏನಾದ್ರೂ ಎಡವಟ್ಟಾದ್ರೆ ಹೇಗೆ ಗೊತ್ತಾಗುತ್ತೆ?

ಇಳಿಯುತ್ತಿದ್ದ ನೋವು ಮತ್ತೆ ಏರಿದರೆ, ಕೀವು ಕಂಡರೆ, ಗುಂಪು ಗುಂಪಾಗಿ ನೀರುಗುಳ್ಳೆ ಎದ್ದರೆ, ಜ್ವರ ಬಂದರೆ, ಒಂದು ಜಾಗ ಮಾತ್ರ ಮಾಗದೆ ಕೆಂಪಾಗಿ ಗಟ್ಟಿಯಾಗುತ್ತಿದ್ದರೆ ಅವತ್ತೇ ಹೋಗಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಕಳಿಸಿ ಕಾಯಬೇಡಿ.

ಎಷ್ಟು ಸಲ ಮಾಡಿಸಬೇಕು? ಒಂದು ಸಲ ಸರಿಹೋದ್ರೆ ಜೀವನಪೂರ್ತಿ ಹಾಗೇ ಇರುತ್ತಾ?

ನಮ್ಮ ಚರ್ಮಕ್ಕೆ ಸಾಮಾನ್ಯವಾಗಿ 3ರಿಂದ 5 ಸಲ, ನಡುವೆ ಒಂದೂವರೆ ಎರಡು ತಿಂಗಳ ಬಿಡುವು. ಶಾಶ್ವತ ಅಲ್ಲ. ಹೊಸ ಕೊಲಾಜನ್‌ಗೂ ವಯಸ್ಸಾಗುತ್ತದೆ. ಬಿಸಿಲು, ಸಿಗರೇಟು ಬಿಡದಿದ್ದರೆ ಇನ್ನೂ ಬೇಗ.

## ಒಳಹೊಕ್ಕು ಕೇಳುವವರಿಗೆ

10,600, 2,940, 1,550 ಅಂತ ಬರೆದಿರ್ತಾರಲ್ಲ, ಏನದು?

ಬೆಳಕಿನ ತರಂಗದ ಉದ್ದ, ನ್ಯಾನೋಮೀಟರ್ ಲೆಕ್ಕದಲ್ಲಿ. ಯಂತ್ರದ ಕಂಪನಿ ಹೆಸರಿಗಿಂತ ಈ ಸಂಖ್ಯೆ ಮುಖ್ಯ. 10,600 ಅಂದರೆ ಕಾರ್ಬನ್ ಡೈಆಕ್ಸೈಡ್ ಲೇಸರ್. 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಇದನ್ನು ಕಂಡುಹಿಡಿದವರು ಕುಮಾರ್ ಪಟೇಲ್, ಹುಟ್ಟಿದ್ದು ಮಹಾರಾಷ್ಟ್ರದ ಬಾರಾಮತಿಯಲ್ಲಿ. ಚರ್ಮವನ್ನು ಆವಿ ಮಾಡುವುದರ ಜೊತೆ ಸುತ್ತಲೂ ಶಾಖ ಉಳಿಸುತ್ತದೆ, ಬಿಗಿ ಬರುವುದು ಆ ಶಾಖದಿಂದ. 2,940ರ ಅರ್ಬಿಯಂ ಯಾಗ್ ಲೇಸರನ್ನು ನೀರು ಇನ್ನೂ ಜೋರಾಗಿ ಹೀರುತ್ತದೆ. ಅದು ಚೊಕ್ಕವಾಗಿ ಕೆತ್ತುತ್ತದೆ, ಶಾಖ ಕಮ್ಮಿ ಬಿಡುತ್ತದೆ. ಮಾಗುವುದು ಬೇಗ, ಬಿಗಿ ಸ್ವಲ್ಪ ಕಮ್ಮಿ. 1,550 ಮೇಲ್ಪದರ ಒಡೆಯದೆ ಕೆಳಗೆ ಬಿಸಿ ಮಾಡುತ್ತದೆ, ರಜೆ ಹಾಕಲಾಗದವರಿಗೆ ಅದು.

1990ರ ದಶಕದಲ್ಲಿ ಕಾರ್ಬನ್ ಡೈಆಕ್ಸೈಡ್ ಲೇಸರ್‌ನಿಂದ ಇಡೀ ಮುಖದ ಮೇಲ್ಪದರ ತೆಗೆಯುತ್ತಿದ್ದರು. ಫಲ ದೊಡ್ಡದು, ಆದರೆ ವಾರಗಟ್ಟಲೆ ಹಸಿ ಗಾಯ, ತಿಂಗಳುಗಟ್ಟಲೆ ಕೆಂಪು, ಕೆಲವರಲ್ಲಿ ಬಣ್ಣವೇ ಹೋಗುವುದು. 2004ರಲ್ಲಿ ಅಮೆರಿಕದ ಸಂಶೋಧಕರಾದ ಡೀಟರ್ ಮ್ಯಾನ್‌ಸ್ಟೈನ್, ರಾಕ್ಸ್ ಆ್ಯಂಡರ್ಸನ್ ಮತ್ತಿತರರು ಫ್ರ್ಯಾಕ್ಷನಲ್ ಪದ್ಧತಿ ತೋರಿಸಿದರು. ಇಡೀ ಚರ್ಮ ಬಿಟ್ಟು ಚುಕ್ಕೆ ಚುಕ್ಕೆಯಾಗಿ ಹೊಡೆಯುವುದು, ನಡುವಿನ ಒಳ್ಳೆ ಚರ್ಮದಿಂದ ಗಾಯ ಬೇಗ ಮಾಗುವುದು. ನಮ್ಮ ಬಣ್ಣದವರಿಗೆ ಬಾಗಿಲು ತೆರೆದದ್ದು ನಿಜವಾಗಿ ಅದೇ.

ಮುಖಕ್ಕೆ ಒಂದು ಪವರ್ ಇಟ್ರು, ಕತ್ತಿಗೆ ಅರ್ಧ ಮಾಡಿದ್ರು. ನನಗೆ ಮೋಸ ಆಯ್ತಾ?

ಇಲ್ಲ, ಅವರು ಕೆಲಸ ಬಲ್ಲವರು. ಚರ್ಮ ಮಾಗುವುದು ಕೂದಲ ಬುಡ, ಎಣ್ಣೆ ಗ್ರಂಥಿಗಳ ಕೋಶಗಳಿಂದ. ಮುಖದಲ್ಲಿ ಅವು ದಟ್ಟವಾಗಿವೆ, ಕತ್ತಿನಲ್ಲಿ ಬಹಳ ಕಮ್ಮಿ. ಮುಖದ ಪವರನ್ನೇ ಕತ್ತಿಗೆ ಇಟ್ಟರೆ ಹಗ್ಗದಂಥ ಗಾಯದ ಕಲೆ ಉಳಿಯಬಹುದು. ಕತ್ತಿನ ಫಲ ಮುಖದಷ್ಟು ಬರುವುದಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡು ಹೋಗುವುದು ಒಳ್ಳೆಯದು.

ಲೇಸರ್ ಬೇಡ ಅಂದುಕೊಂಡ್ರೆ ಕ್ರೀಮಿನಲ್ಲಿ ಏನಾದ್ರೂ ಆಗುತ್ತಾ?

ಎರಡಕ್ಕೆ ಗಟ್ಟಿ ಆಧಾರ ಇದೆ. ಒಂದು, ರಾತ್ರಿ ಹಚ್ಚುವ ಟ್ರೆಟಿನಾಯಿನ್ ಎಂಬ ವಿಟಮಿನ್ ಎ ಜಾತಿಯ ಕ್ರೀಮು. ಡಾಕ್ಟರ ಚೀಟಿ ಬೇಕು, ಬಸುರಿಯರಿಗೆ ಬೇಡ, ಶುರುವಿನಲ್ಲಿ ಸಿಪ್ಪೆ ಏಳುತ್ತದೆ, ಫಲಕ್ಕೆ ತಿಂಗಳುಗಳು ಬೇಕು. ಇನ್ನೊಂದು ಸನ್‌ಸ್ಕ್ರೀನ್. ಆಸ್ಟ್ರೇಲಿಯಾದ ನಂಬೋರ್ ಊರಿನಲ್ಲಿ 903 ಜನರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಾಲ್ಕೂವರೆ ವರ್ಷ ದಿನಾ ಹಚ್ಚಿದವರ ಚರ್ಮದಲ್ಲಿ ವಯಸ್ಸಿನ ಗುರುತು, ಮನಸ್ಸು ಬಂದಾಗ ಮಾತ್ರ ಹಚ್ಚಿದವರಿಗಿಂತ ಶೇಕಡ 24ರಷ್ಟು ಕಮ್ಮಿ ಇತ್ತು. ಕೊಲಾಜನ್ ಕ್ರೀಮು ಕೊಳ್ಳಬೇಡಿ, ಅದರ ಕಣ ದೊಡ್ಡದು, ಚರ್ಮದೊಳಗೆ ಇಳಿಯುವುದೇ ಇಲ್ಲ.

ಈಗ ಲೇಸರ್ ಮಾಡಿಸಿಕೊಂಡು ಮುಂದೆ ಫೇಸ್‌ಲಿಫ್ಟ್ ಮಾಡಿಸಿದ್ರೆ ತೊಂದರೆನಾ?

ಮೇಲ್ಮೈಯ ಲೇಸರ್ ಸಾಮಾನ್ಯವಾಗಿ ಅಡ್ಡಿಯಲ್ಲ. ಆಳಕ್ಕೆ ಹೋಗುವ ಶಾಖದ ಚಿಕಿತ್ಸೆಗಳನ್ನು ಮೇಲಿಂದ ಮೇಲೆ ಮಾಡಿಸಿದವರಲ್ಲಿ ಒಳಪದರಗಳು ಅಂಟಿಕೊಂಡು ಬಿಡಿಸುವುದು ಕಷ್ಟವಾಗುತ್ತದೆ ಅಂತ ಕೆಲವು ಸರ್ಜನ್‌ಗಳು ಹೇಳುತ್ತಾರೆ. ಆದ್ದರಿಂದ ಯಾವ ಯಂತ್ರ, ಯಾವ ಪವರ್, ಯಾವ ದಿನ ಎಂಬ ಚೀಟಿ ಇಟ್ಟುಕೊಂಡಿರಿ. ಎರಡನ್ನೂ ಒಂದೇ ದಿನ ಮಾಡಿಸುವುದಾದರೆ ಎಚ್ಚರ. ಆಪರೇಷನ್‌ನಲ್ಲಿ ಬಿಡಿಸಿ ಎಳೆದ ಚರ್ಮಕ್ಕೆ ರಕ್ತ ಸಂಚಾರ ಆಗ ಕಮ್ಮಿ ಇರುತ್ತದೆ, ಅದರ ಮೇಲೆ ಜೋರಾದ ಲೇಸರ್ ಹೊಡೆದರೆ ಚರ್ಮ ಸಾಯಬಹುದು. ಮೊದಲು ಆಪರೇಷನ್ ಮಾಡಿಸಿ, ಕೆಲವು ತಿಂಗಳು ಬಿಟ್ಟು ಬಾಯಿ ಸುತ್ತಲ ಸುಕ್ಕಿಗೆ ಮಾತ್ರ ಲೇಸರ್ ಮಾಡಿಸುವುದು ನಮ್ಮ ಚರ್ಮಕ್ಕೆ ಹೊಂದುವ ಕ್ರಮ.